ಶಿರಿಯ ಸೀಮೆಯ ನಾಣ್ಯಸಂಗ್ರಹಗಳು ಮತ್ತು ದರ್ಜೆ ನಿರ್ಣಯದ ಪ್ರಶ್ನೆ

ನಾಣ್ಯವನ್ನು ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯ ಸಂಸ್ಥೆಯೊಂದು ಶುಲ್ಕ ಪಡೆದು, ಆ ನಾಣ್ಯ ಅಸಲಿಯೇ ನಕಲಿಯೇ, ಯಾವ ಅರಸನ ಕಾಲದ್ದು, ಯಾವ ಟಂಕಸಾಲೆಯದು, ಎಷ್ಟು ಸವೆದಿದೆ ಎಂಬುದನ್ನು ತೀರ್ಮಾನಿಸಿ, ಆ ತೀರ್ಮಾನವನ್ನು ಮುದ್ರಿಸಿದ ಚೀಟಿಯೊಡನೆ ನಾಣ್ಯವನ್ನು ಪಾರದರ್ಶಕ ಪ್ಲಾಸ್ಟಿಕ್ ಕವಚದೊಳಗೆ ಭದ್ರವಾಗಿ ಮುಚ್ಚಿ ಹಿಂದಿರುಗಿಸುವ ಪದ್ಧತಿಗೆ ದರ್ಜೆ ನಿರ್ಣಯ ಅಥವಾ ಗ್ರೇಡಿಂಗ್ ಎಂದು ಹೆಸರು. ಸಂಗ್ರಾಹಕರ ಮಾತಿನಲ್ಲಿ ಆ ಕವಚವೇ ಸ್ಲ್ಯಾಬ್. ಅಮೆರಿಕದಲ್ಲಿ ಹುಟ್ಟಿ ನಾಲ್ಕು ದಶಕಗಳಲ್ಲಿ ಜಗತ್ತಿನ ನಾಣ್ಯ ಮಾರುಕಟ್ಟೆಯನ್ನೆಲ್ಲ ವ್ಯಾಪಿಸಿದ ಈ ಪದ್ಧತಿ ಭಾರತದ ಹರಾಜುಗಳಿಗೂ ಬಂದು ನೆಲೆಸಿದ ಮೇಲೆ, ಯಾವ ಸಂಸ್ಥೆಯಿಂದ ದರ್ಜೆ ಪಡೆಯುವುದು ಲೇಸು ಎಂಬ ಪ್ರಶ್ನೆ ಮನೆಯಲ್ಲಿ ಹತ್ತು ಹಳೆಯ ನಾಣ್ಯ ಇಟ್ಟುಕೊಂಡ ಪ್ರತಿಯೊಬ್ಬರ ಎದುರಿಗೂ ಬರುತ್ತದೆ. ಆದರೆ ಅಮೆರಿಕದ ಸಂಗ್ರಾಹಕನಿಗೆ ಮೊದಲನೆಯದಾಗಿರುವ ಈ ಪ್ರಶ್ನೆ ಕಾಸರಗೋಡಿನ ಕರಾವಳಿಯಲ್ಲಿ ಮೂರನೆಯದೋ ನಾಲ್ಕನೆಯದೋ ಆಗುತ್ತದೆ. ಅದಕ್ಕಿಂತ ಮೊದಲು ಕಾನೂನು, ನಾಣ್ಯ ತಯಾರಾದ ರೀತಿ, ಅದು ಮನೆಯಲ್ಲಿ ಬಾಳಿದ ರೀತಿ ಇವುಗಳಿಗೆ ಸಂಬಂಧಿಸಿದ ಪ್ರಶ್ನೆಗಳು ಇತ್ಯರ್ಥವಾಗಬೇಕು.

ಕುಂಬಳೆ ಮತ್ತು ಉಪ್ಪಳದ ನಡುವೆ, ಶಿರಿಯ ಹೊಳೆಯ ಬದಿಯಲ್ಲಿರುವ ಶಿರಿಯವೂ ಅದರ ಸುತ್ತಲಿನ ಊರುಗಳೂ ಕಂಡ ಆಳ್ವಿಕೆಗಳ ಸಾಲನ್ನು ಗಮನಿಸಿದರೆ ಈ ಸೀಮೆಯಲ್ಲಿ ಎಂತಹ ನಾಣ್ಯಗಳು ಕೂಡಿಬರುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ. ಆಳುಪರು, ವಿಜಯನಗರದ ಅರಸರು, ಅವರ ಬಳಿಕ ಬೇಕಲದವರೆಗೂ ಕೋಟೆ ಕಟ್ಟಿದ ಕೆಳದಿಯ ನಾಯಕರು, 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ, ಟಿಪ್ಪು, 1799ರಿಂದ ಈಸ್ಟ್ ಇಂಡಿಯಾ ಕಂಪನಿ, ಅನಂತರ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ, 1956ರ ನವೆಂಬರ್ 1ರಿಂದ ಕೇರಳ: ಇಷ್ಟು ಆಡಳಿತಗಳ ಹಣ ಒಂದೇ ಸಂತೆಯಲ್ಲಿ ಓಡಾಡಿದೆ. ತೆಂಕಣಿಂದ ಕಣ್ಣೂರಿನ ಆಲಿ ರಾಜರ ಬೆಳ್ಳಿಯ ಹಣಗಳೂ ಮಲಬಾರಿನ ಪುಟ್ಟ ಚಿನ್ನದ ವೀರರಾಯನ್ ಹಣಗಳೂ ಬಂದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರ ಜೊತೆಗೆ ಅಲ್ಲಿನ ದಿರ್ಹಮ್, ದಿನಾರ್‌ಗಳೂ ಬ್ರಿಟಿಷ್ ಚಿನ್ನದ ಪವನ್‌ಗಳೂ ಸೇರಿಕೊಂಡವು. ಹೀಗೆ ಬೆಳೆದ ಸಂಗ್ರಹಕ್ಕೆಲ್ಲ ಒಂದೇ ಸಂಸ್ಥೆಯನ್ನು ಆರಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ.

ದರ್ಜೆಯ ಅಂಕಿ ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಅದರ ಬೆಲೆ ಕಟ್ಟಲಾಗದು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ತನ್ನ ದೇಶದ 1793ರಿಂದ 1814ರವರೆಗಿನ ದೊಡ್ಡ ತಾಮ್ರದ ಸೆಂಟ್ ನಾಣ್ಯಗಳ ಕುರಿತು ಬರೆದ ಪುಸ್ತಕದಲ್ಲಿ ಒಂದರಿಂದ ಎಪ್ಪತ್ತರವರೆಗಿನ ಅಳತೆಯೊಂದನ್ನು ಸೂಚಿಸಿದ್ದ. ಗುರುತು ಮಾತ್ರ ಹಿಡಿಯಬಹುದಾದಷ್ಟು ಸವೆದ ನಾಣ್ಯ ಒಂದು ಎಂದಾದರೆ, ಕುಂದಿಲ್ಲದ ನಾಣ್ಯ ಎಪ್ಪತ್ತು. ಅದರ ಬೆಲೆಯೂ ಮೊದಲಿನದರ ಎಪ್ಪತ್ತು ಪಟ್ಟು ಎಂಬುದು ಅವನ ಲೆಕ್ಕ. ಆ ಬೆಲೆಯ ಲೆಕ್ಕ ಕೆಲವೇ ವರ್ಷಗಳಲ್ಲಿ ಸುಳ್ಳಾಯಿತು, ಅಂಕಿಗಳು ಮಾತ್ರ ಉಳಿದವು. ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಈ ಉದ್ಯಮದ ಅಳತೆಗೋಲನ್ನು ಕೊಟ್ಟವನೇ ಅಮೆರಿಕನ್ ನ್ಯೂಮಿಸ್ಮಾಟಿಕ್ ಸೊಸೈಟಿಯ ಸಂಗ್ರಹದಿಂದ ಉತ್ತಮ ಸೆಂಟ್‌ಗಳನ್ನು ತೆಗೆದು ಕೀಳು ನಾಣ್ಯಗಳನ್ನು ಅವುಗಳ ಜಾಗದಲ್ಲಿ ಇಟ್ಟಿದ್ದನೆಂಬುದು ಅವನ ಮರಣಾನಂತರ ಬಯಲಾಯಿತು ಎಂಬುದನ್ನು ಇಲ್ಲಿ ನೆನೆಯದಿರುವುದು ಕಷ್ಟ. ಈಗಿನ ಬಳಕೆಯಲ್ಲಿ ಅರವತ್ತರಿಂದ ಎಪ್ಪತ್ತರವರೆಗಿನ ಅಂಕಿಗಳು ಚಲಾವಣೆಯನ್ನೇ ಕಾಣದ ನಾಣ್ಯಗಳಿಗೆ ಮೀಸಲು. ಐವತ್ತರಿಂದ ಐವತ್ತೆಂಟು ಅಲ್ಪಸ್ವಲ್ಪ ಮುಟ್ಟಿದವುಗಳಿಗೆ, ನಲವತ್ತು ಮತ್ತು ನಲವತ್ತೈದು ಉತ್ತಮವಾಗಿ ಉಳಿದವುಗಳಿಗೆ, ಅದಕ್ಕಿಂತ ಕೆಳಗಿನವು ಕ್ರಮವಾಗಿ ಹೆಚ್ಚು ಹೆಚ್ಚು ಸವೆದವುಗಳಿಗೆ ಸಲ್ಲುತ್ತವೆ. ಬ್ರಿಟನ್ನಿನಲ್ಲಿ ಒಂದರಿಂದ ನೂರರವರೆಗಿನ ಬೇರೆ ಅಳತೆಯನ್ನು ಬಳಸಿದ ಸಂಸ್ಥೆಯೂ ಇತ್ತು. ಮಾರುಕಟ್ಟೆ ಮಾತ್ರ ಎಪ್ಪತ್ತನ್ನೇ ಒಪ್ಪಿಕೊಂಡಿತು.

ಸಂಸ್ಥೆಗಳ ಇತಿಹಾಸ ಇನ್ನೂ ಚಿಕ್ಕದು. ಅಮೆರಿಕನ್ ನ್ಯೂಮಿಸ್ಮಾಟಿಕ್ ಅಸೋಸಿಯೇಷನ್ 1972ರಲ್ಲಿ ನಾಣ್ಯಗಳ ಅಸಲಿತನವನ್ನು ಪರೀಕ್ಷಿಸಿ ಹೇಳಲು ಎಎನ್‌ಎಸಿಎಸ್ ಎಂಬ ವಿಭಾಗವನ್ನು ತೆರೆದು, 1979ರಿಂದ ದರ್ಜೆಯನ್ನೂ ಹೇಳತೊಡಗಿತು. 1986ರಲ್ಲಿ ಪಿಸಿಜಿಎಸ್ ಎಂದು ಹೆಸರಾದ ಪ್ರೊಫೆಷನಲ್ ಕಾಯಿನ್ ಗ್ರೇಡಿಂಗ್ ಸರ್ವಿಸ್ ಹುಟ್ಟಿ ನಾಣ್ಯವನ್ನು ಕವಚದಲ್ಲಿ ಮುಚ್ಚಿ ಕೊಡುವ ಕ್ರಮವನ್ನು ವ್ಯಾಪಕಗೊಳಿಸಿತು. ಮರುವರ್ಷವೇ, ಅಂದರೆ 1987ರಲ್ಲಿ, ಎನ್‌ಜಿಸಿ ಎಂಬ ನ್ಯೂಮಿಸ್ಮಾಟಿಕ್ ಗ್ಯಾರಂಟಿ ಸಂಸ್ಥೆ ಅದಕ್ಕೆ ಪ್ರತಿಸ್ಪರ್ಧಿಯಾಗಿ ನಿಂತಿತು. 1998ರಲ್ಲಿ ಐಸಿಜಿ ಬಂತು. ಜಾಗತಿಕ ಮಾರುಕಟ್ಟೆಯಲ್ಲಿ ಈಗ ತೂಕವಿರುವುದು ಮುಖ್ಯವಾಗಿ ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ಹೆಸರುಗಳಿಗೆ. ಉಳಿದವುಗಳ ಚೀಟಿಗೆ ಅಮೆರಿಕದ ನಾಣ್ಯಗಳ ಮಟ್ಟಿಗೆ ಒಂದಿಷ್ಟು ಬೆಲೆ ಇದ್ದರೂ ಭಾರತದ ನಾಣ್ಯಗಳ ಮಟ್ಟಿಗೆ ಇಲ್ಲವೆಂದೇ ಹೇಳಬೇಕು.

ಎರಡೂ ಸಂಸ್ಥೆಗಳ ಕಾರ್ಯವಿಧಾನದಲ್ಲಿ ಹೇಳಿಕೊಳ್ಳುವಂತಹ ಭೇದವಿಲ್ಲ. ನಾಣ್ಯವನ್ನು ಕಳಿಸಿದವರ ಹೆಸರು ಗ್ರೇಡರುಗಳಿಗೆ ತಿಳಿಯದಂತೆ, ಒಬ್ಬರಿಗಿಂತ ಹೆಚ್ಚು ಮಂದಿ ಬೇರೆಬೇರೆಯಾಗಿ ಅದನ್ನು ನೋಡಿ ಅಂಕಿ ಹೇಳಿದ ಮೇಲೆ ಹಿರಿಯ ಗ್ರೇಡರೊಬ್ಬರು ಕೊನೆಯ ತೀರ್ಮಾನ ಮಾಡುತ್ತಾರೆ. ಪ್ರತಿ ಕವಚಕ್ಕೂ ಒಂದು ಕ್ರಮಸಂಖ್ಯೆ ಇದ್ದು, ಅದನ್ನು ಸಂಸ್ಥೆಯ ದಾಖಲೆಯೊಡನೆ ಹೋಲಿಸಿ ನೋಡಬಹುದು. ನಕಲಿಯನ್ನು ಅಸಲಿ ಎಂದೋ, ಕೆಳದರ್ಜೆಯದನ್ನು ಮೇಲ್ದರ್ಜೆಯದೆಂದೋ ತಪ್ಪಾಗಿ ಹೇಳಿದ್ದು ಸಾಬೀತಾದರೆ ನಿಯಮಗಳಿಗೆ ಒಳಪಟ್ಟು ಪರಿಹಾರ ಕೊಡುವ ಖಾತರಿಯೂ ಇದೆ. ಹಾಗೆಂದು ಈ ಅಂಕಿಯನ್ನು ತಕ್ಕಡಿಯ ತೂಕದಂತೆ ಭಾವಿಸಲಾಗದು. ದರ್ಜೆ ನಿರ್ಣಯವು ಏಕರೂಪವೂ ವಸ್ತುನಿಷ್ಠವೂ ಆದುದೆಂಬ ಪಿಸಿಜಿಎಸ್‌ನ ಜಾಹೀರಾತುಗಳನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1990ರಲ್ಲಿ ಆಕ್ಷೇಪಿಸಿತು, ಮೊಕದ್ದಮೆ ಒಪ್ಪಂದದಲ್ಲಿ ಮುಗಿಯಿತು. ಒಂದೇ ನಾಣ್ಯವನ್ನು ಕವಚದಿಂದ ಒಡೆದು ತೆಗೆದು, ಹೆಚ್ಚಿನ ಅಂಕಿ ಸಿಗುವವರೆಗೆ ಮತ್ತೆ ಮತ್ತೆ ಸಲ್ಲಿಸುವ ವ್ಯಾಪಾರಿಗಳಿದ್ದಾರೆಂಬುದೇ ಆ ಅಂಕಿ ಅಭಿಪ್ರಾಯವೆಂಬುದಕ್ಕೆ ಸಾಕ್ಷಿ. ಪಿಸಿಜಿಎಸ್‌ನ ಸ್ಥಾಪಕರಲ್ಲೊಬ್ಬನಾಗಿದ್ದು ಬಳಿಕ ಎನ್‌ಜಿಸಿಯನ್ನು ಕಟ್ಟಿದ ಜಾನ್ ಆಲ್ಬನೀಸ್, ಈ ಎರಡೂ ಸಂಸ್ಥೆಗಳು ದರ್ಜೆ ಕೊಟ್ಟ ನಾಣ್ಯಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ಆ ಅಂಕಿಗೆ ನಿಜವಾಗಿ ತಕ್ಕವುಗಳ ಮೇಲೆ ಸಣ್ಣ ಮುದ್ರೆ ಅಂಟಿಸುವ ಸಿಎಸಿ ಎಂಬ ಮೂರನೆಯ ಸಂಸ್ಥೆಯನ್ನು 2007ರಲ್ಲಿ ಆರಂಭಿಸಿದ್ದೂ ಅದನ್ನೇ ಸೂಚಿಸುತ್ತದೆ. ಪರೀಕ್ಷಕರ ಮೇಲೊಬ್ಬ ಪರೀಕ್ಷಕ ಬೇಕಾದಲ್ಲಿ ಮೊದಲ ಪರೀಕ್ಷೆಯ ಗಟ್ಟಿತನ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಇನ್ನು ಕಾನೂನು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಲ್ಲದಷ್ಟು ಕಾಲದಿಂದ ಇರುವ ಯಾವುದೇ ನಾಣ್ಯ ಪ್ರಾಚ್ಯವಸ್ತುವೇ; ಚಿನ್ನದ್ದಾಗಲಿ ತಾಮ್ರದ್ದಾಗಲಿ, ಬೆಲೆ ಹತ್ತು ರೂಪಾಯಿಯಾಗಲಿ ಹತ್ತು ಲಕ್ಷವಾಗಲಿ ಭೇದವಿಲ್ಲ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಬೇರಾರೂ ಪ್ರಾಚ್ಯವಸ್ತುವನ್ನು ದೇಶದ ಹೊರಕ್ಕೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗೆ ವಿಸ್ತರಿಸಬಹುದಾದ ಕಾರಾಗೃಹವಾಸವೂ ದಂಡವೂ ಇವೆ. ದರ್ಜೆ ಹಾಕಿಸಿ ತಿರುಗಿ ತರುತ್ತೇವೆ ಎಂಬ ಉದ್ದೇಶ ಈ ನಿಷೇಧವನ್ನು ಸಡಿಲಿಸುವುದಿಲ್ಲ. ಪಿಸಿಜಿಎಸ್ ಮತ್ತು ಎನ್‌ಜಿಸಿಗಳು ದರ್ಜೆ ಹಾಕುವ ಕೇಂದ್ರಗಳು ಅಮೆರಿಕ, ಯುರೋಪು, ಚೀನಾ ಮೊದಲಾದ ಕಡೆ ಇರುವುದರಿಂದ, ಆಳುಪರಿಂದ ಹಿಡಿದು ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್‌ನ ಆಳ್ವಿಕೆಯ ಪೂರ್ವಾರ್ಧದವರೆಗಿನ ನಾಣ್ಯಗಳನ್ನು ಅಲ್ಲಿಗೆ ಅಂಚೆಯಲ್ಲಿ ಕಳಿಸುವುದೂ ಪ್ರಯಾಣದ ಚೀಲದಲ್ಲಿ ಒಯ್ಯುವುದೂ ಕಾನೂನುಬಾಹಿರ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತಿ ದುಬೈಗೆ ಹೋಗಿಬರುವುದು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಬಹಳ ಮನೆಗಳಲ್ಲಿ ವಾಡಿಕೆಯ ಸಂಗತಿಯಾಗಿರುವ ಕಾರಣ, ಅಲ್ಲಿಂದ ಮುಂದಕ್ಕೆ ಕಳಿಸಿದರಾಯಿತು ಎಂಬ ಸಲಹೆ ಹಗುರವಾಗಿ ಕೇಳಿಬರುವುದುಂಟು. ಅದು ಅಪರಾಧಕ್ಕೆ ದಾರಿ ತೋರಿಸುವ ಸಲಹೆ. ಸಂಗ್ರಾಹಕರ ಪರವಾಗಿ ನಾಣ್ಯಗಳನ್ನು ಒಟ್ಟುಮಾಡಿ ಹೊರಕ್ಕೆ ಕಳಿಸುವ ಡೀಲರು ಹಳೆಯ ನಾಣ್ಯಗಳನ್ನೂ ತೆಗೆದುಕೊಳ್ಳುತ್ತೇನೆಂದರೆ, ಅವನ ಧೈರ್ಯ ನಾಣ್ಯದ ಒಡೆಯನಿಗೆ ರಕ್ಷೆಯಾಗುವುದಿಲ್ಲ.

ನೂರು ವರ್ಷದ ಈ ಗೆರೆ ನಿಂತಲ್ಲಿ ನಿಲ್ಲದೆ ವರ್ಷಕ್ಕೊಂದು ಹೆಜ್ಜೆ ಮುಂದೆ ಸರಿಯುತ್ತದೆ. ಐದನೆಯ ಜಾರ್ಜ್‌ನ ಬೆಳ್ಳಿಯ ರೂಪಾಯಿಗಳಲ್ಲಿ ಬಹುಪಾಲು 1911ರಿಂದ 1922ರೊಳಗಿನವಾದ್ದರಿಂದ, ಆನೆಯ ಸೊಂಡಿಲು ಹಂದಿಯ ಮೂತಿಯಂತೆ ಕಾಣುತ್ತದೆಂಬ ಆಕ್ಷೇಪದಿಂದ ಹೆಸರಾದ 1911ರ ರೂಪಾಯಿಯೂ ಸೇರಿದಂತೆ ಅವೆಲ್ಲ ಆಗಲೇ ಗೆರೆಯ ಆಚೆಗೆ ಹೋಗಿವೆ. ರಾಯಲ್ ಮಿಂಟ್‌ನ ಮುಂಬಯಿ ಶಾಖೆ 1918ರಲ್ಲಿ ಐ ಎಂಬ ಇಂಗ್ಲಿಷ್ ಅಕ್ಷರದ ಗುರುತಿನೊಡನೆ ಅಚ್ಚುಹಾಕಿದ ಚಿನ್ನದ ಪವನ್ ಕೂಡ ಹಾಗೆಯೇ.

ನೆಲದೊಳಗೆ ಸಿಕ್ಕಿದ ನಾಣ್ಯಗಳ ಪ್ರಶ್ನೆ ಬೇರೆ. ಕೇರಳದಲ್ಲಿ 1968ರ ನಿಧಿ ಕಾಯ್ದೆಯಂತೆ ಅಂತಹ ಸೊತ್ತು ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಬೇಕು. 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಮಳೆನೀರಿನ ಗುಂಡಿ ತೋಡುತ್ತಿದ್ದ ಉದ್ಯೋಗ ಖಾತರಿಯ ಕೆಲಸಗಾರ ಹೆಂಗಸರಿಗೆ ಆಭರಣಗಳೊಡನೆ ಸಿಕ್ಕಿದ ನಾಣ್ಯಗಳಲ್ಲಿ ವೀರರಾಯನ್ ಹಣ, ಆಲಿ ರಾಜರ ಹಣ, ವೆನಿಸಿನ ಡುಕಾಟ್ ಇವೆಲ್ಲ ಇದ್ದವು. ಅವರು ಅವನ್ನು ಒಪ್ಪಿಸಿದ್ದರಿಂದಲೇ ಮಲಬಾರಿನ ವ್ಯಾಪಾರದ ಒಂದು ಚಿತ್ರ ಇಡಿಯಾಗಿ ಉಳಿಯಿತು. ಅಂತಹ ಗಂಟಿನಿಂದ ಒಂದೊಂದೇ ನಾಣ್ಯವನ್ನು ಬಿಡಿಸಿ ಕವಚಕ್ಕೆ ಹಾಕಿದ್ದರೆ ಅಂಕಿ ದೊರೆಯುತ್ತಿತ್ತು, ಚರಿತ್ರೆ ಹೋಗುತ್ತಿತ್ತು.

ಕಾನೂನು ಇಲ್ಲವೆಂದೇ ಭಾವಿಸಿದರೂ ಈ ಸೀಮೆಯ ಹಳೆಯ ನಾಣ್ಯಗಳಿಗೆ ಎಪ್ಪತ್ತರ ಅಳತೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಈ ಚರ್ಚೆಯ ಅತ್ಯಂತ ಕುತೂಹಲಕರ ಭಾಗ ಇದೇ. ಶೆಲ್ಡನ್‌ನ ಅಳತೆ ಯಂತ್ರದಲ್ಲಿ ಅಚ್ಚಾದ, ಅಥವಾ ಕನಿಷ್ಠಪಕ್ಷ ಒಂದೇ ಗಾತ್ರದ ಬಿಲ್ಲೆಯ ಮೇಲೆ ಇಡೀ ಚಿತ್ರ ಮೂಡುವಂತೆ ಅಚ್ಚಾದ ನಾಣ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಅಲ್ಲಿ ಚಿತ್ರದ ಒಂದು ಭಾಗ ಕಾಣದಿದ್ದರೆ ಅದು ಸವೆದುಹೋಗಿದೆ ಎಂದೇ ಅರ್ಥ. ಕರ್ನಾಟಕದ ಹಳೆಯ ನಾಣ್ಯ ಹಾಗಲ್ಲ. ಅಡಿಯಲ್ಲೊಂದು ಮೇಲೊಂದು ಅಚ್ಚನ್ನಿಟ್ಟು ನಡುವೆ ಲೋಹದ ಸಣ್ಣ ಬಿಲ್ಲೆಯಿರಿಸಿ ಸುತ್ತಿಗೆಯಿಂದ ಹೊಡೆದು ಮಾಡಿದ ಈ ನಾಣ್ಯಗಳಲ್ಲಿ ಎಷ್ಟೋ ವೇಳೆ ಅಚ್ಚೇ ಬಿಲ್ಲೆಗಿಂತ ದೊಡ್ಡದಾಗಿರುತ್ತಿತ್ತು. ಹೊಡೆತ ಒಂದು ಬದಿಗೆ ವಾಲುತ್ತಿತ್ತು. ಅಚ್ಚು ಸವೆದ ಮೇಲೂ ಕೆಲಸ ನಡೆಯುತ್ತಿತ್ತು. ಆದುದರಿಂದ ಟಂಕಸಾಲೆಯಿಂದ ಹೊರಟು ಯಾರ ಕೈಯೂ ಮುಟ್ಟದ ನಾಣ್ಯದಲ್ಲಿಯೂ ಅರ್ಧ ಅಕ್ಷರ, ಮುಖವಿಲ್ಲದ ದೇವರು ಇರುವುದು ಸಹಜ. ಸುಮಾರು 3.4 ಗ್ರಾಂ ತೂಗುವ ವಿಜಯನಗರದ ವರಾಹದಲ್ಲಾಗಲಿ, ಅದರ ಹತ್ತನೆಯ ಒಂದು ಭಾಗದಷ್ಟೇ ತೂಕದ ಚಿನ್ನದ ಹಣದಲ್ಲಾಗಲಿ ಸವೆತವನ್ನೂ ಹೊಡೆತದ ದೋಷವನ್ನೂ ಬೇರ್ಪಡಿಸಿ ಹೇಳುವುದು ಅದೇ ಬಗೆಯ ನೂರಾರು ನಾಣ್ಯಗಳನ್ನು ಕಂಡ ಕಣ್ಣಿಗೆ ಮಾತ್ರ ಸಾಧ್ಯ. ಎನ್‌ಜಿಸಿ 2008ರಿಂದ ಗ್ರೀಕ್, ರೋಮನ್ ಮೊದಲಾದ ಪ್ರಾಚೀನ ನಾಣ್ಯಗಳಿಗಾಗಿ ಎಪ್ಪತ್ತರ ಅಂಕಿಯನ್ನು ಬಿಟ್ಟು, ಸವೆತದ ದರ್ಜೆಯನ್ನು ಮಾತಿನಲ್ಲಿ ಹೇಳಿ, ಹೊಡೆತಕ್ಕೊಂದು ಮೇಲ್ಮೈಗೊಂದು ಎಂದು ಐದರಲ್ಲಿ ಪ್ರತ್ಯೇಕ ಅಂಕ ಕೊಡುವ ಕ್ರಮವನ್ನು ತಂದಿದೆ. ದಕ್ಷಿಣ ಭಾರತದ ಮಧ್ಯಯುಗದ ನಾಣ್ಯಗಳಿಗೂ ಇದೇ ಕ್ರಮ ನ್ಯಾಯವಾದುದು. ಒಂದೇ ಅಂಕಿಯಲ್ಲಿ ಎಲ್ಲವನ್ನೂ ಅಡಗಿಸುವ ಲೇಬಲ್ಲು ಇವುಗಳ ವಿಷಯದಲ್ಲಿ ತಿಳಿಸುವುದಕ್ಕಿಂತ ಮುಚ್ಚುವುದೇ ಹೆಚ್ಚು.

ದರ್ಜೆಗಿಂತ ದೊಡ್ಡ ತೊಡಕು ಗುರುತಿಸುವಿಕೆಯದು, ಅಂದರೆ ನಾಣ್ಯ ಯಾರದೆಂದು ನಿಶ್ಚಯಿಸುವುದರದು. ಜೋಡಿ ಮೀನಿನ ಲಾಂಛನವೂ ಪಾಂಡ್ಯ ಧನಂಜಯ ಎಂಬ ಬಿರುದೂ ಇರುವ ಆಳುಪರ ಚಿನ್ನದ ನಾಣ್ಯವನ್ನು, ಮೀನನ್ನೂ ಪಾಂಡ್ಯ ಎಂಬ ಮಾತನ್ನೂ ಕಂಡು ಮಧುರೆಯ ಪಾಂಡ್ಯರದೆಂದು ಹೇಳಿಬಿಡುವ ಅಪಾಯವಿದೆ. ಕೆಳದಿಯ ಅರಸರು ಒಂದು ಬದಿಯಲ್ಲಿ ಶಿವಪಾರ್ವತಿಯರನ್ನೂ ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯ ಶ್ರೀ ಸದಾಶಿವ ಎಂಬ ಬರಹವನ್ನೂ ಉಳಿಸಿಕೊಂಡೇ ತಲೆಮಾರುಗಳ ಕಾಲ ಇಕ್ಕೇರಿ ವರಾಹಗಳನ್ನು ಹೊರಡಿಸಿದ್ದರಿಂದ, ಆ ಹೆಸರನ್ನು ಓದಿ ನಾಣ್ಯವನ್ನು ಮೊದಲನೆಯ ಸದಾಶಿವ ನಾಯಕನಿಗೋ ವಿಜಯನಗರದ ಸದಾಶಿವರಾಯನಿಗೋ ಕಟ್ಟಿಬಿಡುವುದು ಸುಲಭ, ಸರಿಯಲ್ಲ. ಬಿದನೂರನ್ನು ಗೆದ್ದ ಹೈದರಾಲಿ ಅದೇ ಶಿವಪಾರ್ವತಿಯರ ಮುಖವನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವನ್ನು ಮಾತ್ರ ಇರಿಸಿದ. ಜನರ ಕೈಗೆ ಒಗ್ಗಿದ ಹಣವನ್ನು ಕೆಡಿಸಬಾರದೆಂಬ ಆ ಲೆಕ್ಕಾಚಾರ ಚೀಟಿಯ ಮೇಲಿನ ಒಂದು ಸಾಲಿನಲ್ಲಿ ಹಿಡಿಯುವಂತಹುದಲ್ಲ. ಟಿಪ್ಪುವಿನ ನಾಣ್ಯಗಳಲ್ಲಿ ಇನ್ನೊಂದು ಬಗೆಯ ಬಲೆ ಇದೆ. ಆಳ್ವಿಕೆಯ ನಡುವೆ ಆತ ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಬೇರೆ ಎಣಿಕೆಗೆ ಬದಲಾದದ್ದಲ್ಲದೆ, ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದರಿಂದ ಪರಿಣತಿಯಿಲ್ಲದವರು ಇಸವಿಯನ್ನು ತಲೆಕೆಳಗಾಗಿ ಓದುತ್ತಾರೆ. ಪಟ್ಟಣ, ನಗರ, ಕಲ್ಲಿಕೋಟೆ, ಫರೂಕಿ ಮುಂತಾದ ಟಂಕಸಾಲೆಗಳ ಹೆಸರುಗಳು ಆನೆಯ ಚಿತ್ರದ ತಾಮ್ರದ ಕಾಸುಗಳಲ್ಲಿ ಅರ್ಧರ್ಧ ಮಾತ್ರ ಮೂಡಿರುತ್ತವೆ. ಇಂತಹ ನಾಣ್ಯಗಳನ್ನು ಓದಲು 1921ರಲ್ಲಿ ಹೆಂಡರ್ಸನ್ ಬರೆದ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಪಟ್ಟಿ, ಮೈಸೂರಿನ ವಿದ್ವಾಂಸ ಎ. ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳ ಕುರಿತ ಗ್ರಂಥ, ನಾಸಿಕ ಬಳಿಯ ಆಂಜನೇರಿಯಲ್ಲಿರುವ ನಾಣ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳು ಯಾವ ಸ್ಲ್ಯಾಬಿಗಿಂತಲೂ ಹೆಚ್ಚು ಉಪಯುಕ್ತ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಏರ್ಪಟ್ಟ ನಾಣ್ಯ ಸಂಗ್ರಹಾಲಯ, ತಿರುವನಂತಪುರ ಸಮೀಪದ ನೆಡುಮಂಗಾಡಿನ ಕೋಯಿಕ್ಕಲ್ ಅರಮನೆಯಲ್ಲಿರುವ ಕೇರಳ ಪುರಾತತ್ವ ಇಲಾಖೆಯ ನಾಣ್ಯ ಸಂಗ್ರಹಾಲಯ ಇವು ಕಣ್ಣನ್ನು ಪಳಗಿಸಲು ಇರುವ ಜಾಗಗಳು. ಲೋಹದ ವಿಷಯದಲ್ಲಿ ಅನುಮಾನವಿದ್ದರೆ, ಚಿನ್ನದ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿರುವ ಎಕ್ಸ್‌ರೇ ಯಂತ್ರ ನಾಣ್ಯಕ್ಕೆ ಗೀರು ಹಾಕದೆ ಅದರ ಮೇಲ್ಪದರದ ಬೆರಕೆಯನ್ನು ತೋರಿಸುತ್ತದೆ; ಆದರೆ ಸರಿಯಾದ ಚಿನ್ನದಲ್ಲೇ ಮಾಡಿದ ನಕಲಿಯನ್ನು ಯಂತ್ರ ಹಿಡಿಯಲಾರದು.

ಮನೆಗಳಲ್ಲಿ ನಾಣ್ಯ ಬಾಳಿದ ರೀತಿಯೂ ಆಯ್ಕೆಯನ್ನು ನಿರ್ಧರಿಸುತ್ತದೆ. ಕರಾವಳಿಯಲ್ಲಿ ಚಿನ್ನದ ನಾಣ್ಯ ಪೆಟ್ಟಿಗೆಯಲ್ಲಿ ಇದ್ದುದಕ್ಕಿಂತ ಕೊರಳಲ್ಲಿ ಇದ್ದುದೇ ಹೆಚ್ಚು. ಕಾಸಿನ ಸರ, ಪವನಿನ ಸರಗಳಿಗಾಗಿ ಕೊಂಡಿ ಬೆಸೆದ, ತೂತು ಕೊರೆದ ನಾಣ್ಯಗಳು ಮುಂದೆ ಸರ ಬಿಚ್ಚಿದಾಗ ಬಿಡಿಯಾದವು. ತೂಕದ ಲೆಕ್ಕದಲ್ಲಿ ಎಂಟು ಗ್ರಾಂ ಚಿನ್ನಕ್ಕೆ ಪವನ್ ಎಂಬ ಹೆಸರು ಇಲ್ಲಿ ನೆಲೆಯೂರಿದ್ದೇ 7.988 ಗ್ರಾಂ ತೂಗುವ ಬ್ರಿಟಿಷ್ ಸವರಿನ್ ನಾಣ್ಯದಿಂದ. ಬೆಳ್ಳಿಯ ರೂಪಾಯಿಗಳು ದೈವದ ಭಂಡಾರದಲ್ಲಿ, ಮುಡಿಪಿನ ಗಂಟಿನಲ್ಲಿ, ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಇದ್ದು, ಕುಂಕುಮ ಹತ್ತಿಸಿಕೊಂಡು, ವರ್ಷಕ್ಕೊಮ್ಮೆ ಹುಣಸೆಹುಳಿಯಿಂದಲೋ ಬೂದಿಯಿಂದಲೋ ತಿಕ್ಕಿಸಿಕೊಂಡವು. ಗ್ರೇಡಿಂಗ್ ಸಂಸ್ಥೆಗಳ ದೃಷ್ಟಿಯಲ್ಲಿ ತಿಕ್ಕಿ ತೊಳೆದ ನಾಣ್ಯಕ್ಕೂ ಕೊಂಡಿ ತೆಗೆದ ಗುರುತಿರುವ ನಾಣ್ಯಕ್ಕೂ ಅಂಕಿ ಸಿಗುವುದಿಲ್ಲ. ಡಿಟೇಲ್ಸ್ ಎಂಬ ಷರಾದೊಡನೆ, ತೊಳೆದದ್ದು ಅಥವಾ ಆಭರಣದಿಂದ ಬಿಡಿಸಿದ್ದು ಎಂದು ದೋಷವನ್ನು ಹೆಸರಿಸಿ ಕವಚಕ್ಕೆ ಹಾಕುತ್ತಾರೆ. ಶುಲ್ಕ ಮಾತ್ರ ಪೂರ್ತಿ. ಅಸಲಿತನದ ಬಗ್ಗೆ ವಿವಾದವಿರುವ ಬಹು ಬೆಲೆಯ ನಾಣ್ಯವಲ್ಲದಿದ್ದರೆ ಇಂತಹವನ್ನು ಎರಡರಲ್ಲಿ ಯಾವ ಸಂಸ್ಥೆಗೆ ಕಳಿಸುವುದೂ ಹಣ ಕಳೆದುಕೊಳ್ಳುವ ಕೆಲಸ. ಶರಾಫರು ಬೆಳ್ಳಿಯನ್ನು ಪರೀಕ್ಷಿಸಿ ಒತ್ತಿದ ಸಣ್ಣ ಗುರುತುಗಳ ಸಂಗತಿ ಸ್ವಲ್ಪ ಭಿನ್ನ; ಅವನ್ನು ದೋಷವೆಂದು ನೋಡುವುದೋ ವ್ಯಾಪಾರದ ದಾಖಲೆಯೆಂದು ನೋಡುವುದೋ ಎಂಬುದರಲ್ಲಿ ಗ್ರೇಡರುಗಳಿಗಿಂತ ಭಾರತದ ಸಂಗ್ರಾಹಕರ ದೃಷ್ಟಿ ಹೆಚ್ಚು ಉದಾರವಾಗಿದೆ, ಅದೇ ಸರಿಯೂ ಹೌದು.

ಇವೆಲ್ಲವನ್ನೂ ಕಳೆದು ಉಳಿಯುವುದು ಚಿಕ್ಕದೊಂದು ಗುಂಪು: ನೂರು ವರ್ಷ ತುಂಬದ, ಯಂತ್ರದಲ್ಲಿ ಅಚ್ಚಾದ, ಚಲಾವಣೆಯ ಸವೆತ ಕಾಣದ, ಬೆಲೆಬಾಳುವ ನಾಣ್ಯಗಳು. ಐದನೆಯ ಜಾರ್ಜ್‌ನ ಕೊನೆಯ ವರ್ಷಗಳು, ಆರನೆಯ ಜಾರ್ಜ್‌ನ ಕಾಲ, 1950ರಿಂದಾಚೆಯ ಗಣರಾಜ್ಯದ ನಾಣ್ಯಗಳು, ಮುಂಬಯಿ ಟಂಕಸಾಲೆ ಸಂಗ್ರಾಹಕರಿಗಾಗಿಯೇ ಹೊಳಪುಕೊಟ್ಟು ಅಚ್ಚುಹಾಕಿದ ಪ್ರೂಫ್ ನಾಣ್ಯಗಳು, ಕೊಲ್ಲಿಯ ದೇಶಗಳ ನಾಣ್ಯಗಳು ಈ ಗುಂಪಿಗೆ ಸೇರುತ್ತವೆ. ಪಿಸಿಜಿಎಸ್, ಎನ್‌ಜಿಸಿಗಳ ನಡುವಣ ಆಯ್ಕೆಗೆ ಅರ್ಥವಿರುವುದು ಇಲ್ಲಿ. 1939ರ ಬೆಳ್ಳಿ ರೂಪಾಯಿ ಅತ್ಯಂತ ವಿರಳವಾದುದರಿಂದ ಬೇರೆ ವರ್ಷದ ರೂಪಾಯಿಯ ಕೊನೆಯ ಅಂಕಿಯನ್ನು ತಿದ್ದಿ ಮಾಡಿದ ನಕಲಿಗಳು ಉಂಟು. 1940ರಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿದು ಅಂಚಿನ ವಿನ್ಯಾಸವೂ ಬದಲಾದದ್ದು ಪರೀಕ್ಷೆಗೆ ಒಂದಿಷ್ಟು ನೆರವಾಗುತ್ತದಾದರೂ, 1938ರದನ್ನು ತಿದ್ದಿದ್ದರೆ ಆ ನೆರವು ಸಿಗದು. ಇಂತಹ ನಾಣ್ಯಕ್ಕೆ ಎರಡರಲ್ಲಿ ಯಾವ ಸಂಸ್ಥೆಯ ಮುದ್ರೆಯಿದ್ದರೂ ಸಾಕು, ಯಾವ ಮುದ್ರೆಯೂ ಇಲ್ಲದಿದ್ದರೆ ಕೊಳ್ಳುವವರಿಲ್ಲ. ಕಲ್ಕತ್ತ ಮತ್ತು ಮುಂಬಯಿಯ ಟಂಕಸಾಲೆಗಳು ಹಳೆಯ ಅಚ್ಚುಗಳಿಂದಲೇ ಸಂಗ್ರಾಹಕರ ಬೇಡಿಕೆಯಂತೆ ಮರುಮುದ್ರಿಸಿ ಕೊಟ್ಟ ನಾಣ್ಯಗಳನ್ನು ಮೂಲದಿಂದ ಬೇರ್ಪಡಿಸಿ ಹೇಳುವುದರಲ್ಲೂ ಈ ಸಂಸ್ಥೆಗಳ ಅನುಭವ ಪ್ರಯೋಜನಕರ; ಪ್ರಿಡ್‌ಮೋರ್‌ನ ಬ್ರಿಟಿಷ್ ಕಾಲದ ನಾಣ್ಯಗಳ ಪಟ್ಟಿಯ ಸಂಖ್ಯೆಯನ್ನು ನಾಣ್ಯದೊಡನೆ ತಿಳಿಸಿದರೆ ಗುರುತು ತಪ್ಪುವ ಸಂಭವ ಕಡಿಮೆ. ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ, ಈ ಸೀಮೆಯ ಸಂಗ್ರಹಗಳಲ್ಲಿ ನಾಣ್ಯದ ಜೊತೆಗೆ ನೋಟುಗಳೂ ಇರುವುದರಿಂದ, ನೋಟುಗಳಿಗೆಂದೇ 2005ರಲ್ಲಿ ಪಿಎಂಜಿ ಎಂಬ ಸೋದರ ಸಂಸ್ಥೆಯನ್ನು ಹೊಂದಿದ ಎನ್‌ಜಿಸಿಯ ಕಡೆಗೆ ತೂಕ ತುಸು ವಾಲುತ್ತದೆ. ಛಾಯಾಚಿತ್ರದ ಗುಣಮಟ್ಟಕ್ಕೆ ಬೆಲೆ ಕೊಡುವವರು ಪಿಸಿಜಿಎಸ್ ಅನ್ನು ಮೆಚ್ಚುತ್ತಾರೆ. ಮೊದಲು ಆರಿಸಿದ ಸಂಸ್ಥೆಯಲ್ಲೇ ಮುಂದುವರಿಯುವುದು ಒಂದೇ ಬಗೆಯ ಸರಣಿಯನ್ನು ಕಟ್ಟುವವರಿಗೆ ಹಿತ.

ಖರ್ಚಿನ ಲೆಕ್ಕ ಈ ಗುಂಪನ್ನೂ ಕಿರಿದಾಗಿಸುತ್ತದೆ. ನಾಣ್ಯಕ್ಕಿಷ್ಟೆಂದು ಡಾಲರಿನಲ್ಲಿ ಕೊಡುವ ಶುಲ್ಕ, ಸದಸ್ಯತ್ವ, ಹೋಗಿಬರುವ ಸಾಗಣೆ, ವಿಮೆ, ಡೀಲರಿನ ಪಾಲು, ತಿರುಗಿ ಬರುವಾಗ ಕಸ್ಟಮ್ಸ್‌ನವರಿಗೆ ತೋರಿಸಬೇಕಾದ ಕಾಗದಪತ್ರ ಇವೆಲ್ಲ ಕೂಡಿದರೆ ಕೆಲವು ಸಾವಿರ ರೂಪಾಯಿ ಬೆಲೆಯ ನಾಣ್ಯಕ್ಕೆ ಅದರ ಬೆಲೆಯಷ್ಟೇ ಖರ್ಚು ಬರುವುದುಂಟು. ತಾಮ್ರದ ನಾಣ್ಯಗಳ ಮಟ್ಟಿಗೆ ಇನ್ನೊಂದು ಮಾತಿದೆ. ಹೊಸ ತಾಮ್ರದ ಕೆಂಪು ಎಷ್ಟು ಉಳಿದಿದೆ ಎಂಬುದರ ಮೇಲೆ ಕೆಂಪು, ಕೆಂಪು-ಕಂದು, ಕಂದು ಎಂಬ ವಿಂಗಡಣೆಯಿದ್ದು ಬೆಲೆ ಅದನ್ನು ಅವಲಂಬಿಸಿದ್ದರೂ, ಮುಂದೆ ಬಣ್ಣ ಮಾಸಿದರೆ ಸಂಸ್ಥೆಗಳ ಖಾತರಿ ಮಿತವಾದುದು. ಕವಚ ಗಾಳಿಯನ್ನೂ ತೇವವನ್ನೂ ಪೂರ್ತಿ ತಡೆಯುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುವ, ಉಪ್ಪುಗಾಳಿ ಬೀಸುವ ಕಡಲ ದಂಡೆಯಲ್ಲಿ ಕೆಂಪೆಂದು ಬರೆಸಿದ ನಾಣ್ಯ ಕೆಂಪಾಗಿಯೇ ಉಳಿಯಬೇಕಾದರೆ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬ ಬೇಕು.

ದೇಶದೊಳಗೇ ದರ್ಜೆ ಹಾಕಿ ಕವಚ ಕೊಡುವ ಖಾಸಗಿ ಸಂಸ್ಥೆಗಳು ಈಚೆಗೆ ಹುಟ್ಟಿಕೊಂಡಿವೆ. ಪ್ರಾಚ್ಯವಸ್ತು ಕಾನೂನಿನ ತೊಡಕು ಇವುಗಳಿಗಿಲ್ಲ, ಹಳೆಯ ನಾಣ್ಯಗಳ ಲಿಪಿ ಓದಬಲ್ಲವರು ಇಲ್ಲೇ ಸಿಗುತ್ತಾರೆ ಎಂಬುದರಿಂದ ತತ್ವತಃ ಈ ಸೀಮೆಗೆ ಹೆಚ್ಚು ತಕ್ಕವು ಇವೇ. ವ್ಯವಹಾರದಲ್ಲಿ ಮಾತ್ರ ಎಚ್ಚರ ಬೇಕು: ದರ್ಜೆ ಹಾಕುವವರ ಹೆಸರು ಪ್ರಕಟವಾಗಿದೆಯೇ, ಅವರೇ ನಾಣ್ಯ ಮಾರುವವರೂ ಆಗಿದ್ದಾರೆಯೇ, ತಪ್ಪಾದರೆ ಹಣ ಹಿಂದಿರುಗಿಸುವ ಬರಹದ ಖಾತರಿ ಇದೆಯೇ, ಸಂಸ್ಥೆಗೆ ಸಂಬಂಧವಿಲ್ಲದ ಹರಾಜುದಾರರು ಅದರ ಚೀಟಿಯನ್ನು ಮನ್ನಿಸುತ್ತಾರೆಯೇ ಎಂಬುದನ್ನು ಕೇಳದೆ ನಾಣ್ಯ ಒಪ್ಪಿಸಬಾರದು. ಮಾರುವವನೇ ದರ್ಜೆಯನ್ನೂ ಹಾಕಿದರೆ ಮೂರನೆಯವರ ತೀರ್ಪೆಂಬ ಮೂಲ ಕಲ್ಪನೆಯೇ ಉಳಿಯುವುದಿಲ್ಲ. ಚೀಟಿಯ ಮೋಹ ದೊಡ್ಡದಾದಷ್ಟೂ ಮೋಸವೂ ದೊಡ್ಡದಾಗುತ್ತದೆ: ಪಿಸಿಜಿಎಸ್, ಎನ್‌ಜಿಸಿಗಳ ಕವಚಗಳನ್ನೇ ನಕಲು ಮಾಡುವವರಿದ್ದಾರೆ. ಕಂಪನಿಯ ಹೆಸರೂ 1818ರ ಇಸವಿಯೂ ರಾಮದರ್ಬಾರಿನ ಅಥವಾ ಹನುಮಂತನ ಚಿತ್ರವೂ ಇರುವ ಕಾಸುಗಳಂತೂ ಯಾವ ಸರ್ಕಾರವೂ ಎಂದೂ ಹೊರಡಿಸದ ಕಲ್ಪಿತ ಬಿಲ್ಲೆಗಳು. ಇವು ಲಕ್ಷ ಬಾಳುತ್ತವೆಂಬ ಸುದ್ದಿ ನಿಲ್ಲದೆ ಹರಡುತ್ತಲೇ ಇದೆ. ಹಳೆಯ ನಾಣ್ಯ, ನೋಟುಗಳ ಖರೀದಿಯ ನೆಪದಲ್ಲಿ ತನ್ನ ಹೆಸರು ಬಳಸಿ ಶುಲ್ಕ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಬಹಿರಂಗ ಎಚ್ಚರಿಕೆ ಕೊಡಬೇಕಾಯಿತು.

ಕೊಲ್ಲಿಯ ನಂಟಿನಿಂದ ಬಂದ ಒಂದು ವಸ್ತುವಿಗೆ ಮಾತ್ರ ವಿದೇಶದ ದರ್ಜೆ ನಿಸ್ಸಂದೇಹವಾಗಿ ಯೋಗ್ಯ. ಕುವೈತ್, ಬಹ್ರೈನ್, ಕತಾರ್, ಇಂದು ಸಂಯುಕ್ತ ಅರಬ್ ಎಮಿರೇಟ್ಸ್ ಆಗಿರುವ ಸಂಸ್ಥಾನಗಳು, ಒಮಾನ್ ಇಲ್ಲೆಲ್ಲ ಭಾರತದ ರೂಪಾಯಿಯೇ ಚಲಾವಣೆಯಲ್ಲಿದ್ದ ಕಾಲದಲ್ಲಿ, ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರುವುದನ್ನು ತಡೆಯಲೆಂದು 1959ರಲ್ಲಿ ಆ ಪ್ರದೇಶಕ್ಕೆಂದೇ ಝೆಡ್ ಅಕ್ಷರದಿಂದ ಶುರುವಾಗುವ ಸಂಖ್ಯೆಯ, ಬೇರೆ ಬಣ್ಣದ ನೋಟುಗಳನ್ನು ಹೊರಡಿಸಲಾಯಿತು. ಕುವೈತ್ 1961ರಲ್ಲಿ, ಬಹ್ರೈನ್ 1965ರಲ್ಲಿ ತಮ್ಮ ಹಣಕ್ಕೆ ಬದಲಾದವು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಕತಾರ್, ದುಬೈಗಳೂ ಬಿಟ್ಟವು. ಒಮಾನ್ 1970ರವರೆಗೆ ಬಳಸಿತು. ಗಲ್ಫ್ ರೂಪಾಯಿ ಎಂದೇ ಹೆಸರಾದ ಈ ನೋಟುಗಳು ಈಗ ವಿರಳ, ನಕಲಿಗೂ ತಿದ್ದುವಿಕೆಗೂ ಗುರಿಯಾಗುವಷ್ಟು ಬೆಲೆಯುಳ್ಳವು, ನೂರು ವರ್ಷದ ಗೆರೆಯ ಈಚೆಗಿನವು. ಪಿಎಂಜಿ ಇವಕ್ಕೆ ಎಪ್ಪತ್ತರ ಅಳತೆಯಲ್ಲೇ ದರ್ಜೆ ಕೊಡುತ್ತದೆ. ತೊಳೆಯದ, ಇಸ್ತ್ರಿ ಹಾಕದ, ದುರಸ್ತಿ ಕಾಣದ ಕಾಗದಕ್ಕೆ ಇಪಿಕ್ಯು ಎಂಬ ವಿಶೇಷ ಗುರುತೂ ಇದೆ. ಕಟ್ಟಿಗೆ ಸ್ಟೇಪಲ್ ಹೊಡೆಯುವ ರೂಢಿಯಿಂದಾದ ತೂತುಗಳನ್ನು ಆ ಕಾಲದ ಭಾರತದ ನೋಟುಗಳ ಸಹಜ ಲಕ್ಷಣವೆಂದು ಕೊಳ್ಳುವವರು ಒಪ್ಪುತ್ತಾರೆ, ತೇವದ ಕಂದು ಕಲೆಗಳನ್ನು ಒಪ್ಪುವುದಿಲ್ಲ. ವಿದೇಶದಲ್ಲಿ ನೆಲೆಸಿ ಲಂಡನ್ನಿನ ಹರಾಜುಗಳಲ್ಲಿ ವಿಜಯನಗರದ ವರಾಹವನ್ನೋ ಟಿಪ್ಪುವಿನ ರೂಪಾಯಿಯನ್ನೋ ಕೊಳ್ಳುವ ಕುಟುಂಬಗಳು ದರ್ಜೆ ಬೇಕೆಂದಿದ್ದರೆ ಅದನ್ನು ಅಲ್ಲಿಯೇ ಮುಗಿಸಿ, ಹರಾಜಿನ ರಸೀದಿಯನ್ನೂ ದರ್ಜೆಯ ದಾಖಲೆಯನ್ನೂ ಜೊತೆಗಿಟ್ಟುಕೊಂಡು ಊರಿಗೆ ತರಬೇಕು. ಒಮ್ಮೆ ಭಾರತದೊಳಗೆ ಬಂದ ಮೇಲೆ ಅದೂ ಪ್ರಾಚ್ಯವಸ್ತುವಿನ ಲೆಕ್ಕಕ್ಕೆ ಸೇರುವುದರಿಂದ ಮತ್ತೆ ಹೊರಕ್ಕೆ ಕಳಿಸುವ ದಾರಿ ಸಾಮಾನ್ಯ ಸಂಗ್ರಾಹಕನಿಗೆ ಮುಚ್ಚಿದಂತೆಯೇ.